ಜಿಬಿ ಲೆಕ್ಕ: ನಾವು ಬೈಯುತ್ತಿರುವುದು ತಪ್ಪು ಕಂಪನಿಯನ್ನು

ಇಂಜಿನಿಯರಿಂಗ್ ಓದಿ ಪತ್ರಿಕೋದ್ಯಮಕ್ಕೆ ಬಂದವರಿಗೆ ಒಂದು ಖಾಯಂ ಡ್ಯೂಟಿ ಇರುತ್ತದೆ. ನೆಂಟರು, ಗೆಳೆಯರು, ಆಫೀಸಿನವರು ಎಲ್ಲರ ಮೊಬೈಲು-ಲ್ಯಾಪ್‌ಟಾಪಿನ ದೂರುಗಳಿಗೂ ನಾವೇ ಕೌಂಟರ್. ನನ್ನ ಕೌಂಟರಿಗೆ ಅತಿ ಹೆಚ್ಚು ಬರುವ ದೂರು ಇದು: "1 ಟಿಬಿ ಹಾರ್ಡ್ ಡಿಸ್ಕ್ ತಗೊಂಡೆ ಕಣೋ. ಕಂಪ್ಯೂಟರಿಗೆ ಹಾಕಿದ್ರೆ 931 ಜಿಬಿ ತೋರಿಸ್ತಿದೆ. ಹೊಸಾ ಡಿಸ್ಕು, ಒಂದು ಫೋಟೋನೂ ಹಾಕಿಲ್ಲ. ಉಳಿದಿದ್ದು ಯಾರು ತಿಂದ್ರು?"

ಯಾರೂ ತಿಂದಿಲ್ಲ. ಆ ಡಿಸ್ಕಿನಲ್ಲಿ ಒಂದು ಲಕ್ಷ ಕೋಟಿ ಬೈಟ್ ಇದೆ. ಡಿಸ್ಕ್ ಮಾಡಿದ ಕಂಪನಿ ಅದನ್ನು ಸಾವಿರ, ಸಾವಿರ ಅಂತ ಭಾಗಿಸಿಕೊಂಡು ಹೋಗಿ 1,000 ಜಿಬಿ ಅನ್ನುತ್ತದೆ. ವಿಂಡೋಸ್ ಅದೇ ಸಂಖ್ಯೆಯನ್ನು 1,024ರಿಂದ ಭಾಗಿಸಿಕೊಂಡು ಹೋಗಿ 931 ಜಿಬಿ ಅನ್ನುತ್ತದೆ. ಬೈಟುಗಳು ಅಷ್ಟೇ ಇವೆ. ಅಳತೆಗೋಲು ಎರಡು, ಎರಡಕ್ಕೂ ಇಟ್ಟಿರುವ ಹೆಸರು ಮಾತ್ರ ಒಂದೇ.

ಇಷ್ಟು ಹೇಳಿದರೆ ಸಾಮಾನ್ಯವಾಗಿ ಮಾತು ಮುಗಿಯುತ್ತದೆ. "ಓ, ಟೆಕ್ನಿಕಲ್ಲು" ಅಂತ ಎದುರಿನವರು ಕೈಬಿಡುತ್ತಾರೆ. ನನ್ನ ತಕರಾರು ಇರುವುದು ಇಲ್ಲೇ. ದಿನಾ ದುಡ್ಡು ಕೊಟ್ಟು ಕೊಳ್ಳುವ ಪದಾರ್ಥದ ಅಳತೆ 'ಟೆಕ್ನಿಕಲ್' ಅಲ್ಲ. ಅಕ್ಕಿ ತೂಕದಲ್ಲಿ ನೂರು ಗ್ರಾಂ ಕಮ್ಮಿಯಾದರೆ ಅಂಗಡಿಯವರ ಹತ್ತಿರ ಜಗಳಕ್ಕೆ ನಿಲ್ಲುವ ನಾವು, ಡೇಟಾ ವಿಷಯಕ್ಕೆ ಬಂದಾಗ ಯಾವ ತಕ್ಕಡಿ ಅಂತಲೂ ಕೇಳುವುದಿಲ್ಲ. ಕೇಳಿದಾಗಲೂ ತಪ್ಪು ಅಂಗಡಿಯ ಮುಂದೆ ನಿಂತು ಕೇಳುತ್ತೇವೆ.

ಮೊದಲು ಈ 1,024 ಎಲ್ಲಿಂದ ಬಂತು ನೋಡೋಣ. 'ಕಿಲೋ' ಅಂದರೆ ಸಾವಿರ ಎಂದು ಫ್ರಾನ್ಸಿನವರು 1795ರಲ್ಲೇ ಮೆಟ್ರಿಕ್ ಪದ್ಧತಿಯಲ್ಲಿ ಬರೆದಿಟ್ಟಿದ್ದರು. ಕಿಲೋಗ್ರಾಂ, ಕಿಲೋಮೀಟರ್, ಕಿಲೋವಾಟ್ ಎಲ್ಲೂ ಅನುಮಾನವಿಲ್ಲ. ಆದರೆ ಕಂಪ್ಯೂಟರ್ ಮೆಮೊರಿ ಚಿಪ್ಪಿಗೆ ಎರಡರ ಲೆಕ್ಕವೇ ಸಹಜ. ವಿಳಾಸ ಹೇಳುವ ಒಂದು ತಂತಿ ಇದ್ದರೆ ಎರಡು ಮನೆ, ಎರಡು ತಂತಿಗೆ ನಾಲ್ಕು, ಹತ್ತು ತಂತಿಗೆ 1,024 ಮನೆ. ಸಾವಿರ ಮನೆಯ ಚಿಪ್ ಮಾಡುವುದು ಅಸಾಧ್ಯವೇನಲ್ಲ, ಸುಮ್ಮನೆ ದಂಡ. 1960ರ ದಶಕದ ಹೊತ್ತಿಗೆ ಇಂಜಿನಿಯರುಗಳು ತಮ್ಮತಮ್ಮಲ್ಲೇ ಈ 1,024ನ್ನು 'ಕೆ' ಅಂತ ಕರೆಯತೊಡಗಿದ್ದರು. ಸಾವಿರಕ್ಕೆ ಇಪ್ಪತ್ತನಾಲ್ಕು ತಾನೇ ಹೆಚ್ಚು, ಹೋಗ್ಲಿ ಬಿಡು ಅನ್ನುವಷ್ಟು ವ್ಯತ್ಯಾಸ. ಲ್ಯಾಬಿನೊಳಗೆ ಇದ್ದಷ್ಟು ದಿನ ಅದರಿಂದ ಯಾರಿಗೂ ನಷ್ಟವೂ ಆಗಲಿಲ್ಲ.

ಆದರೆ ಈ ವ್ಯತ್ಯಾಸಕ್ಕೆ ಚಕ್ರಬಡ್ಡಿಯ ಗುಣ ಇದೆ. ಕಿಲೋದಲ್ಲಿ ಶೇ. 2.4. ಮೆಗಾದಲ್ಲಿ ಶೇ. 4.9. ಗಿಗಾದಲ್ಲಿ ಶೇ. 7.4. ಟೆರಾಕ್ಕೆ ಬಂದಾಗ ಹೆಚ್ಚುಕಮ್ಮಿ ಶೇ. 10. ಅದರ ಮೇಲಿನ ಪೆಟಾದಲ್ಲಿ ಶೇ. 12.6. ದೇಶದ ಇಂಟರ್‌ನೆಟ್ ಬಳಕೆಯ ಬಗ್ಗೆ ವರದಿಗಳು ಬರುವಾಗ ಇಷ್ಟು ಪೆಟಾಬೈಟ್ ಅಂತ ಓದುತ್ತೇವಲ್ಲ, ಯಾವ ಪೆಟಾ ಎಂದು ಹೇಳದೆ ಹೋದರೆ ಆ ಸಂಖ್ಯೆಯ ಎಂಟನೇ ಒಂದು ಪಾಲು ಗಾಳಿಯಲ್ಲೇ ತೇಲುತ್ತಿರುತ್ತದೆ.

ಇನ್ನೊಂದು ವಿಷಯ. 1,024ರ ಲೆಕ್ಕಕ್ಕೆ ನಿಜವಾದ ಕಾರಣ ಇರುವುದು ಮೆಮೊರಿ ಚಿಪ್ಪಿಗೆ ಮಾತ್ರ. ಹಾರ್ಡ್ ಡಿಸ್ಕಿನ ಒಟ್ಟು ಅಳತೆಗೆ ಆ ಕಟ್ಟುಪಾಡು ಇಲ್ಲ. ನೆಟ್‌ವರ್ಕಿನಲ್ಲಂತೂ ಮೊದಲಿನಿಂದಲೂ ಸಾವಿರದ್ದೇ ಲೆಕ್ಕ, ಸೆಕೆಂಡಿಗೆ ಒಂದು ಮೆಗಾಬಿಟ್ ಅಂದರೆ ಸರಿಯಾಗಿ ಹತ್ತು ಲಕ್ಷ ಬಿಟ್. ಇವೆರಡರ ನಡುವೆ ಸಿಕ್ಕಿಬಿದ್ದ ಅತಿ ತಮಾಷೆಯ ವಸ್ತು ಅಂದರೆ ಫ್ಲಾಪಿ. ಅದರ ಮೇಲೆ '1.44 ಎಂಬಿ' ಅಂತ ಇರುತ್ತಿತ್ತು. ಒಳಗೆ ಇದ್ದದ್ದು 14,74,560 ಬೈಟ್, ಅಂದರೆ 1,440 ಸಲ 1,024. ಸಾವಿರದ ಲೆಕ್ಕದಲ್ಲಿ ಅದು 1.47, 1,024ರ ಲೆಕ್ಕದಲ್ಲಿ 1.41. 1.44 ಬರಬೇಕಾದರೆ ಒಂದು ಸಲ ಸಾವಿರದಿಂದ, ಇನ್ನೊಂದು ಸಲ 1,024ರಿಂದ ಭಾಗಿಸಬೇಕು! ಇಡೀ ಜಗತ್ತು ವರ್ಷಗಟ್ಟಲೆ ಈ ಬೆರಕೆ ಅಳತೆಯ ಮಾಲನ್ನು ಕೊಂಡಿತು.

ಗೊಂದಲ ಬಗೆಹರಿಸಲು 1998ರಲ್ಲಿ ಅಂತಾರಾಷ್ಟ್ರೀಯ ಎಲೆಕ್ಟ್ರೋಟೆಕ್ನಿಕಲ್ ಆಯೋಗ ಹೊಸ ಹೆಸರುಗಳನ್ನು ಕೊಟ್ಟಿತು. 1,024ರ ಲೆಕ್ಕ ಬೇಕಿದ್ದವರು ಕಿಬಿ, ಮೆಬಿ, ಗಿಬಿ, ಟೆಬಿ ಅನ್ನಲಿ. ಕಿಲೋ, ಮೆಗಾ, ಗಿಗಾ, ಟೆರಾಗಳು ಸಾವಿರದ ಲೆಕ್ಕಕ್ಕೇ ಇರಲಿ ಅಂತ. ಅಂತಾರಾಷ್ಟ್ರೀಯ ಮಾನಗಳ ಅಧಿಕೃತ ಕೈಪಿಡಿಯೂ ಇದನ್ನೇ ಹೇಳುತ್ತದೆ: ಕಿಲೋ ಮುಂತಾದವು ಹತ್ತರ ಲೆಕ್ಕಕ್ಕೆ ಮೀಸಲು, ಎರಡರ ಲೆಕ್ಕಕ್ಕೆ ಬಳಸಕೂಡದು. ವ್ಯವಸ್ಥೆ ಚೊಕ್ಕವಾಗಿದೆ. ಹೆಸರುಗಳು ಮಾತ್ರ ಯಾರ ಬಾಯಿಗೂ ಹತ್ತಲಿಲ್ಲ. ಕನ್ನಡದವರಿಗಂತೂ ಕಷ್ಟವೇ. ಬಸ್ಸು-ಗಿಸ್ಸು, ಕಾಫಿ-ಗೀಫಿ ಅನ್ನುವ ನಾಲಿಗೆಗೆ 'ಕಿಬಿ, ಗಿಬಿ' ಎರಡು ಬೇರೆ ಬೇರೆ ಅಳತೆ ಅಂತ ಅನಿಸುವುದು ಹೇಗೆ?

ಹೆಸರು ಹಿಡಿಸದಿದ್ದರೂ ನಿಯಮ ಕೆಲವು ಕಡೆ ಜಾರಿಗೆ ಬಂತು. ಆಪಲ್ 2009ರಿಂದ ತನ್ನ ಮ್ಯಾಕ್ ಕಂಪ್ಯೂಟರುಗಳಲ್ಲಿ ಸಾವಿರದ ಲೆಕ್ಕ ತೋರಿಸಲು ಶುರು ಮಾಡಿತು. ಆಂಡ್ರಾಯ್ಡ್ ಕೂಡ ತನ್ನ 8ನೇ ಆವೃತ್ತಿಯಿಂದ ಫೈಲ್ ಗಾತ್ರ ತೋರಿಸುವಾಗ ಅದೇ ದಾರಿ ಹಿಡಿಯಿತು. ವಿಂಡೋಸ್ ಮಾತ್ರ 1,024ರಿಂದ ಭಾಗಿಸುತ್ತದೆ, ಆದರೆ ಗಿಬಿ ಅಂತ ಬರೆಯುವ ಬದಲು ಜಿಬಿ ಅಂತಲೇ ಬರೆಯುತ್ತದೆ. ಹಾಗಾಗಿ ಒಂದೇ ಪೆನ್‌ಡ್ರೈವು ಮ್ಯಾಕಿನಲ್ಲಿ 64 ಜಿಬಿ, ಪಕ್ಕದ ಟೇಬಲ್ಲಿನ ವಿಂಡೋಸಿನಲ್ಲಿ 59.6 ಜಿಬಿ.

ಅಮೆರಿಕದಲ್ಲಿ ಇದು ಕೋರ್ಟಿಗೂ ಹೋಗಿತ್ತು. 2006ರಲ್ಲಿ ವೆಸ್ಟರ್ನ್ ಡಿಜಿಟಲ್, 2007ರಲ್ಲಿ ಸೀಗೇಟ್ ರಾಜಿ ಮಾಡಿಕೊಂಡವು. ಸೀಗೇಟ್ ಗ್ರಾಹಕರಿಗೆ ಡಿಸ್ಕಿನ ಬೆಲೆಯ ಶೇ. 5 ವಾಪಸ್ ಅಥವಾ ಉಚಿತ ಬ್ಯಾಕಪ್ ಸಾಫ್ಟ್‌ವೇರ್ ಕೊಡಲು ಒಪ್ಪಿತು. ಆದರೆ ಗ್ರಾಹಕರೊಬ್ಬರು ಸ್ಯಾನ್‌ಡಿಸ್ಕ್ ಪೆನ್‌ಡ್ರೈವಿನ ಬಗ್ಗೆ ಹೂಡಿದ ಮೊಕದ್ದಮೆಯನ್ನು ಕ್ಯಾಲಿಫೋರ್ನಿಯಾದ ಫೆಡರಲ್ ಕೋರ್ಟ್ 2020ರಲ್ಲಿ ವಜಾ ಮಾಡಿತು. ಪೊಟ್ಟಣದ ಮೇಲೆಯೇ 1 ಜಿಬಿ ಅಂದರೆ ನೂರು ಕೋಟಿ ಬೈಟ್ ಎಂದು ಬರೆದಿದೆ, ವ್ಯವಹಾರದಲ್ಲಿ ದಶಮಾಂಶ ಪದ್ಧತಿಯನ್ನೇ ಕಾನೂನು ಒಪ್ಪಿದೆ, ಇನ್ನು ಮೋಸ ಎಲ್ಲಿ ಎಂಬುದು ಕೋರ್ಟಿನ ನಿಲುವು.

ಕಂಪನಿಗಳ ಪರವಾಗಿ ಬರೆದು ನನಗೆ ಅಭ್ಯಾಸ ಕಮ್ಮಿ. ಆದರೂ ಇಲ್ಲಿ ಕೋರ್ಟು ಸರಿ. ಡಿಸ್ಕ್ ಕಂಪನಿಯವರು ಸರಿಯಾದ ಅಳತೆ ಆರಿಸಿಕೊಂಡಿದ್ದು ಸಂಖ್ಯೆ ದೊಡ್ಡದಾಗಿ ಕಾಣುತ್ತೆ ಅಂತಲೇ ಇರಬಹುದು, ವಿಜ್ಞಾನದ ಮೇಲಿನ ಭಕ್ತಿಯಿಂದ ಅಂತೂ ಅಲ್ಲ. ಆದರೆ ಅವರು ಹೇಳಿದಷ್ಟು ಬೈಟ್ ಪೊಟ್ಟಣದಲ್ಲಿ ಇದೆ. ತಪ್ಪು ಹೆಸರು ಬರೆಯುತ್ತಿರುವುದು ಪರದೆ.

ಈಗ ನಮ್ಮ ಕಡೆಗೆ ಬರೋಣ. ಅಳತೆ ಎರಡು, ಹೆಸರು ಒಂದು ಅನ್ನುವುದು ನಮಗೆ ಹೊಸದಲ್ಲ. ಹಳೇ ಮೈಸೂರಿನಲ್ಲಿ ಕಚ್ಚಾ ಸೇರು, ಪಕ್ಕಾ ಸೇರು ಅಂತ ಎರಡಿದ್ದವು. ಕೊಳಗ, ಖಂಡುಗಗಳು ಊರಿಂದ ಊರಿಗೆ ಬದಲಾಗುತ್ತಿದ್ದವು. ಬೆಳೆದವನಿಂದ ಅಳೆದುಕೊಳ್ಳುವಾಗ ದೊಡ್ಡ ಸೇರು, ಅವನಿಗೇ ಅಳೆದು ಕೊಡುವಾಗ ಚಿಕ್ಕ ಸೇರು ಎಂಬ ದೂರು ನಮ್ಮ ಅಜ್ಜ-ಅಜ್ಜಿಯರ ಮಾತಲ್ಲಿ ಬಂದೇ ಬರುತ್ತದೆ. ಸ್ವಾತಂತ್ರ್ಯ ಬಂದ ಒಂಬತ್ತೇ ವರ್ಷಕ್ಕೆ, 1956ರಲ್ಲಿ, ತೂಕ ಮತ್ತು ಅಳತೆ ಮಾನಕಗಳ ಕಾಯ್ದೆ ತಂದದ್ದು, 1957ರ ಏಪ್ರಿಲ್ 1ರಂದು ಆಣೆ ಹೋಗಿ ನಯಾ ಪೈಸೆ ಬಂದದ್ದು ಬರೀ ಲೆಕ್ಕದ ಅನುಕೂಲಕ್ಕಲ್ಲ. ಇಡೀ ದೇಶಕ್ಕೆ ಒಂದೇ ಅಳತೆ ಅಂದರೆ, ಸೇರು ಯಾರ ಕೈಯಲ್ಲಿದೆಯೋ ಅವರ ಕೈಯಿಂದ ಅದನ್ನು ಕಿತ್ತುಕೊಂಡ ಹಾಗೆ.

ಈಗಿರುವುದು 2009ರ ಕಾನೂನು ಮಾಪನಶಾಸ್ತ್ರ ಕಾಯ್ದೆ. ನಮ್ಮ ತೂಕ-ಅಳತೆಗಳು ಅಂತಾರಾಷ್ಟ್ರೀಯ ಮಾನಗಳನ್ನು ಆಧರಿಸಿರಬೇಕು ಅನ್ನುತ್ತದೆ ಅದು. ಇಲಾಖೆಯವರು ತರಕಾರಿ ಅಂಗಡಿಯ ತಕ್ಕಡಿಗೆ ಮುದ್ರೆ ಹಾಕುತ್ತಾರೆ. ಪೆಟ್ರೋಲ್ ಬಂಕಿನಲ್ಲಿ ಅನುಮಾನ ಬಂದರೆ ಐದು ಲೀಟರಿನ ಮಾಪನದಲ್ಲಿ ಅಳೆದು ತೋರಿಸಿ ಅಂತ ಕೇಳಬಹುದು. ಒಂದು ಪೆನ್‌ಡ್ರೈವಿನ ಅಥವಾ ಮೊಬೈಲಿನ ಡಬ್ಬಿ ತಿರುಗಿಸಿ ನೋಡಿ. ನಿವ್ವಳ ಪ್ರಮಾಣ ಅನ್ನುವ ಜಾಗದಲ್ಲಿ '1 ಎನ್' ಅಂತಿರುತ್ತದೆ, ಅಂದರೆ ಒಂದು ನಗ. ನಾವು ದುಡ್ಡು ಕೊಡುವುದು 64ಕ್ಕೋ 128ಕ್ಕೋ 256ಕ್ಕೋ, ಡಬ್ಬಿ ಘೋಷಿಸುವ ಪ್ರಮಾಣ ಮಾತ್ರ 'ಒಂದು'. ಎಷ್ಟು ಮೂಟೆ ಅಂತ ಎಣಿಸಿ, ಮೂಟೆಯೊಳಗೆ ಎಷ್ಟು ಕೆಜಿ ಅಂತ ಕೇಳದೆ ಇದ್ದ ಹಾಗಾಯಿತು.

ಇದರ ಫಲ ಏನು ಅಂತ ಮೊಬೈಲ್ ಅಂಗಡಿಯಲ್ಲಿ ನೋಡಬಹುದು. 128 ಜಿಬಿ ಫೋನ್ ಆನ್ ಮಾಡಿದ ಕೂಡಲೇ ಹತ್ತಿಪ್ಪತ್ತು ಜಿಬಿ ತುಂಬಿರುತ್ತದೆ: ಆಪರೇಟಿಂಗ್ ಸಿಸ್ಟಮ್, ಜೊತೆಗೆ ನೀವು ಕೇಳದ, ಕೆಲವೊಮ್ಮೆ ತೆಗೆಯಲೂ ಆಗದ ಆ್ಯಪುಗಳು. ಸಾವಿರ-1,024ರ ಶೇ. 7ಕ್ಕಿಂತ ಇದು ದೊಡ್ಡದು. ಇತ್ತೀಚೆಗೆ ಇನ್ನೊಂದು ಬಂದಿದೆ, '8 ಜಿಬಿ + 8 ಜಿಬಿ ರ್‍ಯಾಮ್'. ಎರಡನೇ 8 ರ್‍ಯಾಮೇ ಅಲ್ಲ, ನೀವು ಈಗಾಗಲೇ ದುಡ್ಡು ಕೊಟ್ಟಿರುವ ಸ್ಟೋರೇಜಿನಿಂದ ಎರವಲು ತೆಗೆದ ಜಾಗ. ಅದರ ವೇಗ ರ್‍ಯಾಮಿನ ಹತ್ತಿರಕ್ಕೂ ಬರುವುದಿಲ್ಲ. ಎರಡನ್ನೂ ಒಂದೇ ಗಾತ್ರದ ಅಕ್ಷರದಲ್ಲಿ ಕೂಡಿಸಿ ಬರೆಯುವುದನ್ನು ಯಾರೂ ತಡೆಯುತ್ತಿಲ್ಲ. 931ರ ಜಗಳದಲ್ಲಿ ನಾವು ಮುಳುಗಿರುವಾಗ ಜೇಬಿಗೆ ಕೈ ಬೀಳುತ್ತಿರುವುದು ಈ ಕಡೆಯಿಂದ.

ಅದಕ್ಕಿಂತ ದೊಡ್ಡ ಗೊಂದಲ ಬಿಟ್ ಮತ್ತು ಬೈಟಿನದು. ಇಲ್ಲಿ ವ್ಯತ್ಯಾಸ ಶೇಕಡಾ ಲೆಕ್ಕದ್ದಲ್ಲ, ಎಂಟು ಪಟ್ಟು. ಫೈಲಿನ ಗಾತ್ರ ಬೈಟಿನಲ್ಲಿ, ಇಂಟರ್‌ನೆಟ್ ವೇಗ ಬಿಟ್ಟಿನಲ್ಲಿ. ಮನೆಗೆ '100 ಎಂಬಿ' ಕನೆಕ್ಷನ್ ಹಾಕಿಸಿಕೊಂಡವರು ಒಂದು ಜಿಬಿಯ ಸಿನಿಮಾ ಹತ್ತು ಸೆಕೆಂಡಿನಲ್ಲಿ ಇಳಿಯಬೇಕು ಅಂದುಕೊಳ್ಳುತ್ತಾರೆ. ಆದರೆ ಅದು ಸೆಕೆಂಡಿಗೆ 100 ಮೆಗಾಬಿಟ್, ಅಂದರೆ 12.5 ಮೆಗಾಬೈಟ್. ಎಲ್ಲವೂ ಸರಿಯಿದ್ದ ದಿನವೂ 80 ಸೆಕೆಂಡ್ ಬೇಕು.

ಇಂಗ್ಲಿಷಿನಲ್ಲಿ ಬರೆದಾಗ ಕಣ್ಣಿಟ್ಟು ನೋಡಿದರೆ ಗೊತ್ತಾಗುತ್ತದೆ. ಚಿಕ್ಕ 'ಬಿ' ಇದ್ದರೆ ಬಿಟ್, ದೊಡ್ಡ 'ಬಿ' ಇದ್ದರೆ ಬೈಟ್. ಕನ್ನಡದಲ್ಲಿ? ನಮ್ಮ ಲಿಪಿಯಲ್ಲಿ ಚಿಕ್ಕಕ್ಷರ-ದೊಡ್ಡಕ್ಷರ ಇಲ್ಲವೇ ಇಲ್ಲ. 'ಎಂಬಿ' ಅಂತ ಬರೆದರೆ ಅದು ಮೆಗಾಬಿಟ್ಟೂ ಹೌದು, ಮೆಗಾಬೈಟೂ ಹೌದು. ಪತ್ರಿಕೆಯ ಜಾಹೀರಾತು, ಟಿವಿಯ ಸ್ಕ್ರೋಲ್, ಕೇಬಲ್‌ನವನು ಹಂಚುವ ಪಾಂಪ್ಲೆಟ್ ಎಲ್ಲದರಲ್ಲೂ ಒಂದೇ ಎಂಬಿ. ಕನ್ನಡದಲ್ಲಷ್ಟೇ ಓದುವ ಗ್ರಾಹಕನಿಗೆ ಆ ವ್ಯತ್ಯಾಸ ಕಾಣುವ ದಾರಿಯನ್ನೇ ನಾವು ಮುಚ್ಚಿದ್ದೇವೆ, ಕನ್ನಡದ ಸುದ್ದಿಮನೆಗಳೂ ಸೇರಿ. ಪರಿಹಾರಕ್ಕೆ ಸಮಿತಿ ಬೇಡ. ವೇಗ ಹೇಳುವಾಗ 'ಸೆಕೆಂಡಿಗೆ 100 ಮೆಗಾಬಿಟ್' ಅಂತ ಪೂರ್ತಿ ಬರೆದರೆ ಸಾಕು. ಎರಡಕ್ಷರ ಉಳಿಸಲು ಎಂಟು ಪಟ್ಟಿನ ಗೊಂದಲ ದುಬಾರಿ.

ಈ ಎಂಟರ ಲೆಕ್ಕ ಬಡವರ ಫೋನಿನಲ್ಲಿ ಹೇಗೆ ಕೆಲಸ ಮಾಡುತ್ತದೆ ನೋಡಿ. ದಿನದ ಡೇಟಾ ಮುಗಿದ ಮೇಲೂ ನೆಟ್ ನಿಲ್ಲುವುದಿಲ್ಲ, ವೇಗ ಸೆಕೆಂಡಿಗೆ 64 ಕಿಲೋಬಿಟ್ಟಿಗೆ ಇಳಿಯುತ್ತದೆ ಎಂದು ಎಷ್ಟೋ ಪ್ರೀಪೇಯ್ಡ್ ಪ್ಲಾನುಗಳು ಹೇಳುತ್ತವೆ. ಅದರ ಪಕ್ಕದಲ್ಲೇ 'ಅನ್‌ಲಿಮಿಟೆಡ್' ಅಂತ ಇರುತ್ತದೆ. 64 ಕಿಲೋಬಿಟ್ ಅಂದರೆ 8 ಕಿಲೋಬೈಟ್. 5 ಎಂಬಿಯ ಒಂದು ನೋಟ್ಸ್ ಪಿಡಿಎಫ್ ಇಳಿಸಲು ಹತ್ತು ನಿಮಿಷಕ್ಕೂ ಹೆಚ್ಚು. ಎರಡು ಎಂಬಿಯ ಫೋಟೋಗೆ ನಾಲ್ಕು ನಿಮಿಷ. ಕೇಂದ್ರ ಸರ್ಕಾರ 2023ರ ಜನವರಿಯಲ್ಲಿ ಬ್ರಾಡ್‌ಬ್ಯಾಂಡ್ ಅನ್ನಿಸಿಕೊಳ್ಳಲು ಕನಿಷ್ಠ ವೇಗವನ್ನು ಸೆಕೆಂಡಿಗೆ 512 ಕಿಲೋಬಿಟ್‌ನಿಂದ 2 ಮೆಗಾಬಿಟ್‌ಗೆ ಏರಿಸಿತು. ಈ 'ಅನ್‌ಲಿಮಿಟೆಡ್' ಅದರ ಮೂವತ್ತೊಂದನೇ ಒಂದು ಪಾಲು. ಅದನ್ನು ಇಂಟರ್‌ನೆಟ್ ಅಂತ ಕರೆಯಲು ನನಗಂತೂ ಮನಸ್ಸು ಬರುವುದಿಲ್ಲ.

ಇನ್ನು ದಿನಕ್ಕೆ 1.5 ಜಿಬಿಯ ಪ್ಯಾಕ್. 28 ದಿನಕ್ಕೆ 42 ಜಿಬಿ. ಸಾವಿರದ ಲೆಕ್ಕಕ್ಕೂ 1,024ರ ಲೆಕ್ಕಕ್ಕೂ ಇಲ್ಲಿ ಸುಮಾರು 3 ಜಿಬಿ ವ್ಯತ್ಯಾಸ, ಅಂದರೆ ಎರಡು ದಿನದ ಡೇಟಾ. ನಿಮ್ಮ ಕಂಪನಿ ಯಾವ ಜಿಬಿಯಲ್ಲಿ ಅಳೆಯುತ್ತದೆ? ರೀಚಾರ್ಜ್ ಮಾಡುವ ಪೇಜಿನಲ್ಲಿ ಒಮ್ಮೆ ಹುಡುಕಿ ನೋಡಿ.

ಹುಡುಕುವಾಗ 28 ದಿನದ ಕಥೆಯೂ ನೆನಪಿರಲಿ. ತಿಂಗಳ ಪ್ಯಾಕ್ ಅಂತ ಎಲ್ಲರೂ ಕರೆಯುವ ಆ ಪ್ಯಾಕಿಗೆ ವರ್ಷಕ್ಕೆ ಹನ್ನೆರಡಲ್ಲ, ಹದಿಮೂರು ರೀಚಾರ್ಜ್ ಬೇಕು. ಇದೂ ಅಳತೆಯದೇ ಚಮತ್ಕಾರ. ಗ್ರಾಹಕರ ದೂರುಗಳ ನಂತರ 2022ರ ಜನವರಿಯಲ್ಲಿ ಟ್ರಾಯ್ ಆದೇಶ ಹೊರಡಿಸಿ, 30 ದಿನದ ಪ್ಲಾನನ್ನೂ ಕಂಪನಿಗಳು ಇಡಲೇಬೇಕು ಅಂತು. 28ರ ಪ್ಯಾಕ್ ಹೋಗಲಿಲ್ಲ, ನಿಜ. ಆದರೆ ಕೇಳಿದರೆ ಅಳತೆ ಒಂದಿಷ್ಟಾದರೂ ಅಲುಗಾಡುತ್ತದೆ ಅನ್ನುವುದಕ್ಕೆ ಅದು ಸಾಕ್ಷಿ. ತಿಂಗಳಿಗೆ ಎಷ್ಟು ದಿನ ಎಂದು ಕೇಳಿದವರು ಜಿಬಿಗೆ ಎಷ್ಟು ಬೈಟ್, ಯಾವ ವೇಗಕ್ಕಿಂತ ಕೆಳಗೆ 'ಅನ್‌ಲಿಮಿಟೆಡ್' ಅನ್ನಬಾರದು ಎಂದೂ ಕೇಳಬಹುದು. ಟ್ರಾಯ್ ಕರಡು ಹೊರಡಿಸಿದಾಗೆಲ್ಲ ಸಾರ್ವಜನಿಕರ ಅಭಿಪ್ರಾಯ ಕೇಳುತ್ತದೆ. ಅಲ್ಲಿ ಕಂಪನಿಗಳ ವಕೀಲರು ತಪ್ಪದೆ ಬರೆಯುತ್ತಾರೆ.

"ದೇಶದಲ್ಲಿ ಇಷ್ಟೆಲ್ಲ ಸಮಸ್ಯೆ ಇರುವಾಗ ಇದೊಂದು ಬೇಕಿತ್ತಾ?" ಎಂಬ ಪ್ರಶ್ನೆ ಬಂದೇ ಬರುತ್ತದೆ. ಕೆಲಸಕ್ಕೆ ಅರ್ಜಿ ಹಾಕುವ ಹುಡುಗ-ಹುಡುಗಿಯರನ್ನು ಕೇಳಿ. ಫೋಟೋ 20ರಿಂದ 50 ಕೆಬಿ, ಸಹಿ 10ರಿಂದ 20 ಕೆಬಿ ಎಂಬ ಸೂಚನೆ ಅವರಿಗೆ ಬಾಯಿಪಾಠ. ಆ 50 ಕೆಬಿ ಅಂದರೆ 50,000 ಬೈಟೋ, 51,200 ಬೈಟೋ? ಸೂಚನಾಪತ್ರದಲ್ಲಿ ಇರುವುದಿಲ್ಲ. 50,688 ಬೈಟಿನ ಫೋಟೋವನ್ನು ವಿಂಡೋಸ್ 49.5 ಕೆಬಿ ಅಂತ ತೋರಿಸುತ್ತದೆ. ಪೋರ್ಟಲ್ ಸಾವಿರದ ಲೆಕ್ಕದಲ್ಲಿದ್ದರೆ, ಫೈಲ್ ದೊಡ್ಡದಾಯಿತು ಅಂತ ವಾಪಸ್ ಕಳಿಸುತ್ತದೆ. ಪರದೆಯಲ್ಲಿ ಕಾಣುವುದು ಐವತ್ತಕ್ಕಿಂತ ಕಮ್ಮಿ, ಪೋರ್ಟಲ್ ಹೇಳುವುದು ಐವತ್ತಕ್ಕಿಂತ ಜಾಸ್ತಿ. ಕೊನೇ ದಿನಾಂಕದ ರಾತ್ರಿ, ಸರ್ವರ್ ತೆವಳುತ್ತಿರುವಾಗ, ತಾಲ್ಲೂಕು ಕೇಂದ್ರದ ಸೈಬರ್ ಸೆಂಟರಿನಲ್ಲಿ ಸರದಿ ನಿಂತವರಿಗೆ ಇದು ಟೆಕ್ನಿಕಲ್ ವಿಷಯವಾಗಿ ಉಳಿದಿರುವುದಿಲ್ಲ. ಫೋಟೋ ಸಣ್ಣದು ಮಾಡಿಕೊಡಲು ಒಂದು ರೇಟು, ಮತ್ತೆ ಅಪ್‌ಲೋಡ್ ಮಾಡಲು ಇನ್ನೊಂದು.

ಇದನ್ನು ಸರಿಪಡಿಸಲು ಕಾಯ್ದೆ ತಿದ್ದುಪಡಿ ಬೇಡ, ಟೆಂಡರ್ ಬೇಡ. ಅರ್ಜಿಯ ಸೂಚನೆಯಲ್ಲಿ 'ಗರಿಷ್ಠ 50 ಕೆಬಿ, ಅಂದರೆ 51,200 ಬೈಟ್' ಎಂಬ ಒಂದು ಸಾಲು, ಪೋರ್ಟಲ್ಲಿನ ಕೋಡಿನಲ್ಲಿ ಅದೇ ಸಂಖ್ಯೆ. ಅದೂ ಆಗದಿದ್ದರೆ ಇನ್ನೂ ಸುಲಭದ ದಾರಿ ಇದೆ: ದೊಡ್ಡ ಫೋಟೋವನ್ನೇ ತಗೊಂಡು ಸರ್ವರ್ ತಾನೇ ಸಣ್ಣದು ಮಾಡಿಕೊಳ್ಳಲಿ. ವಾಟ್ಸಾಪ್ ಆ್ಯಪು ದಿನಾ ಫೋಟೋಗಳನ್ನು ತಾನೇ ಸಣ್ಣದು ಮಾಡುತ್ತಿದೆ, ಯಾರ ಹತ್ತಿರವೂ ಅರ್ಜಿ ಶುಲ್ಕ ತಗೊಳ್ಳದೆ.